ಹುಣಸೆ ಚಿಗುರು ತಿಂದ ಮೇಸ್ತ್ರಿ

ಮಕ್ಕಳೇ, ಕರಿಗುಡ್ಡ ಎಂಬ ಗುಡ್ಡದ ಹೊಟ್ಟೆಯೊಳಗೆ ಒಂದು ಭಾರಿ ಉಗ್ರಾಣವಿತ್ತು. ಮಳೆಗಾಲಕ್ಕೆ ಬೇಕಾದ ಬಿದಿರಕ್ಕಿ, ಬಾರೆಹಣ್ಣು, ಇಪ್ಪೆ ಹೂವು, ಗೆಡ್ಡೆಗೆಣಸು ಎಲ್ಲವೂ ಅಲ್ಲಿ ಸೇರುತ್ತಿದ್ದವು. ಅದರ ಧಣಿ ಜಂಬಣ್ಣ ಎಂಬ ಕರಡಿ. ಅಳಿಲು, ಮೊಲ, ಮುಳ್ಳುಹಂದಿ, ಹೆಗ್ಗಣ ಎಂದು ಮುನ್ನೂರು ಜೀವಗಳು ಅವನಲ್ಲಿ ದುಡಿಯುತ್ತಿದ್ದವು. ಕಾಡಿನವರು ಆ ಉಗ್ರಾಣವನ್ನು ಕಂಪನಿ ಎಂದೇ ಕರೆಯುತ್ತಿದ್ದರು. ನಮ್ಮ ಹುಡುಗಿಗೆ ಕಂಪನಿಯಲ್ಲಿ ಕೆಲಸವಾಯಿತು ಎಂದು ನೆರೆಹೊರೆಗೆಲ್ಲ ಹೇಳಿಕೊಂಡು ಬರುವ ತಾಯಂದಿರೂ ಇದ್ದರು.

ಸುಳ್ಳೇಕೆ ಹೇಳಲಿ, ಹೇಳಿಕೊಳ್ಳುವಂಥದ್ದೂ ಅಲ್ಲಿತ್ತು. ಹೊತ್ತಿಗೆ ಸರಿಯಾಗಿ ಊಟ, ತಲೆಯ ಮೇಲೆ ಗಟ್ಟಿ ಸೂರು, ಹದ್ದಿನ ಹೆದರಿಕೆ ಇಲ್ಲ. ದುಡಿಯುವ ತಾಯಂದಿರ ಮರಿಗಳಿಗೆಂದೇ ಒಳಗೊಂದು ಮರಿಮನೆ. ಎಲ್ಲಕ್ಕಿಂತ ಹೆಚ್ಚಾಗಿ ಜೊತೆಗಾರರು. ಬಿಸಿಲು ಇಳಿದ ಮೇಲೆ ಎಲ್ಲರೂ ಒಟ್ಟಿಗೆ ಕೂತು ಕಾಳು ಕೇರುತ್ತಾ ಹರಟುವುದು ಒಂಟಿ ಬಿಲದಲ್ಲಿ ಎಲ್ಲಿಂದ ಬರಬೇಕು?

ಸುರಂಗ ತೋಡುವುದರಲ್ಲಿ ಹೆಗ್ಗಣ ಸಿದ್ದವ್ವನನ್ನು ಮೀರಿಸುವವರು ಅಲ್ಲಿ ಯಾರೂ ಇರಲಿಲ್ಲ. ಗುಡ್ಡದೊಳಗಿನ ಅರ್ಧ ದಾರಿಗಳನ್ನು ತೋಡಿದವಳು ಅವಳೇ. ಆದರೆ ಕಂಪನಿಗೆ ಒಂದು ಕಟ್ಟಳೆಯಿತ್ತು. ಮೇಲಿನಿಂದ ಅಪ್ಪಣೆ ಬಾರದೆ ಯಾರೂ ಒಂದು ಹಿಡಿ ಮಣ್ಣನ್ನೂ ಕದಲಿಸಬಾರದು. ಕದಲಿಸಿದವರು ಅಂದೇ ಗುಡ್ಡದಿಂದ ಹೊರಗೆ. ಅಗೆಯಲೆಂದೇ ಹುಟ್ಟಿದವಳು ಅಗೆಯುವುದಕ್ಕೆ ಅಪ್ಪಣೆ ಕಾಯಬೇಕು, ಅದೂ ಜೀವಮಾನದಲ್ಲಿ ಒಂದು ಬಿಲವನ್ನೂ ತೋಡದವರಿಂದ. ಇದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಸಿದ್ದವ್ವನಿಗೆ ಇದ್ದ ಚಿಂತೆ ಒಂದೇ. ಮರಿಮನೆ ಗುಡ್ಡದ ತಗ್ಗಿನಲ್ಲಿತ್ತು. ಅಲ್ಲಿ ಸೇರುವ ಮಳೆನೀರು ಒಂದು ಕಂಡಿಯ ಮೂಲಕ ಪಕ್ಕದ ಗವಿಗೆ ಇಳಿದು ಹೊರಗೆ ಹರಿದುಹೋಗುತ್ತಿತ್ತು. ಆ ಗವಿ ಜಂಬಣ್ಣನದು. ಕಂಡಿಯಿಂದ ತಣ್ಣನೆ ಗಾಳಿ ಬೀಸಿ ನಿದ್ದೆ ಕೆಡುತ್ತದೆಂದು ಅವನು ಅದನ್ನು ಕಲ್ಲು ಮಣ್ಣು ತುಂಬಿಸಿ ಮುಚ್ಚಿಸಿಬಿಟ್ಟಿದ್ದ. ಅಂದಿನಿಂದ ಪ್ರತಿ ಮಳೆಗಾಲದಲ್ಲೂ ಮರಿಮನೆಯ ನೆಲ ಒದ್ದೆಯಾಗುತ್ತಿತ್ತು. ಮೊದಲ ವರ್ಷ ಮರಿಗಳ ಪಾದ ನೆನೆಯಿತು, ಮರುವರ್ಷ ನೀರು ಹೊಟ್ಟೆಯವರೆಗೆ ಬಂತು. ಒಂದು ದೊಡ್ಡ ಮಳೆ ಬಂದರೆ ಮರಿಗಳು ಉಳಿಯುವುದಿಲ್ಲ ಎಂಬುದು ಸಿದ್ದವ್ವನಿಗೆ ಗೊತ್ತಿತ್ತು. ಅವಳ ನಾಲ್ಕು ಮರಿಗಳೂ ಅಲ್ಲಿಯೇ ಇದ್ದವು. ಕಂಡಿ ತೆರೆಯುವುದು ಅವಳಿಗೆ ಅರ್ಧ ದಿನದ ಕೆಲಸ.

ಹೇಳಿಕೊಳ್ಳಲು ದಾರಿ ಇರಲಿಲ್ಲವೆಂದಲ್ಲ. ವರ್ಷಕ್ಕೊಮ್ಮೆ, ಮಳೆಗೆ ಮುಂಚೆ, ಎಲೆದಿನ ಎಂದು ನಡೆಯುತ್ತಿತ್ತು. ಅಂದು ಪ್ರತಿಯೊಬ್ಬರೂ ಕಂಪನಿಯಲ್ಲಿ ಇಷ್ಟವಾದದ್ದನ್ನು ಹೇಳಿ ಒಂದು ಹೊಂಗೆ ಎಲೆ ಕೊಡಬೇಕು, ಇಷ್ಟವಾಗದ್ದನ್ನು ಹೇಳಿ ಒಂದು ಹುಣಸೆ ಚಿಗುರು ಕೊಡಬೇಕು. ಅವನ್ನು ಎರಡು ಬುಟ್ಟಿಯಲ್ಲಿ ಧಣಿಗೆ ಒಯ್ದು, ಒಂದೊಂದು ಎಲೆಯನ್ನೂ ಎತ್ತಿ ತೋರಿಸಿ, ಯಾರು ಏನು ಹೇಳಿದರೆಂದು ತಿಳಿಸುವುದು ಮೇಸ್ತ್ರಿಯ ಕೆಲಸ. ಅವನನ್ನು ಬಿಟ್ಟು ಬೇರೆ ಯಾರೂ ಧಣಿಯ ಗವಿಗೆ ಕಾಲಿಡುವಂತಿರಲಿಲ್ಲ.

ಮೇಸ್ತ್ರಿ ಯಾರು ಗೊತ್ತೇ? ಪರಪ್ಪ ಎಂಬ ಮುಸುವ. ಉದ್ದ ಬಾಲ, ಕಪ್ಪು ಮುಖ, ನಯವಾದ ಮಾತು. ಮುಸುವಗಳಿಗೆ ಹುಣಸೆ ಚಿಗುರು ಕಂಡರೆ ಬಾಯಲ್ಲಿ ನೀರು. ಹೊಂಗೆ ಎಲೆಯನ್ನು ಮೂಸಿಯೂ ನೋಡುವುದಿಲ್ಲ. ಅಂಥವನ ಕೈಗೆ ಬುಟ್ಟಿ ಕೊಟ್ಟ ಜಂಬಣ್ಣನ ಬುದ್ಧಿಗೆ ಏನೆನ್ನಬೇಕು? ಬೇಲಿಯೇ ಎದ್ದು ಹೊಲ ಮೇಯಿತು. ಪರಪ್ಪ ಗವಿಯ ಬಾಗಿಲಲ್ಲಿ ಕೂತು ಚಿಗುರನ್ನೆಲ್ಲ ಮೆಲ್ಲುತ್ತಿದ್ದ. ಉಳಿದ ಕಡ್ಡಿಗಳನ್ನು ಹೊರಗೆಸೆದರೆ ಯಾರಾದರೂ ನೋಡಿಯಾರೆಂದು, ಧಣಿ ಗೊರಕೆ ಹೊಡೆಯುವಾಗ, ಮೂಲೆಯಲ್ಲಿ ಮುಚ್ಚಿದ್ದ ಆ ಕಂಡಿಯ ಬಾಯಿಗೇ ತುರುಕುತ್ತಿದ್ದ.

ಧಣಿ ಎದ್ದಾಗ ಕಾಣುತ್ತಿದ್ದುದು ಹೊಂಗೆ ಎಲೆ ಮಾತ್ರ. ಊಟ ಚೆನ್ನಾಗಿದೆಯಂತೆ, ಸೂರು ಗಟ್ಟಿಯಂತೆ, ಜೊತೆಗಾರರು ಒಳ್ಳೆಯವರಂತೆ. ಹುಳಿ ಒಂದೂ ಇಲ್ಲವೇ ಎಂದು ಜಂಬಣ್ಣ ಕೇಳಿದರೆ, ನಿಮ್ಮಂಥ ಧಣಿ ಇರುವಾಗ ಹುಳಿ ಎಲ್ಲಿಂದ ಬರಬೇಕು ಎಂದು ಪರಪ್ಪ ಕೈ ಜೋಡಿಸುತ್ತಿದ್ದ. ಜಂಬಣ್ಣ ಹಿಗ್ಗಿ ಹೀರೇಕಾಯಿ ಆಗುತ್ತಿದ್ದ.

ಕಂಡಿ ಮುಚ್ಚಿಸಿದ ವರ್ಷದಿಂದಲೇ ಹಿಡಿದು ಸಿದ್ದವ್ವ ಮೂರು ವರ್ಷ, ಅದನ್ನು ತೆರೆಯಬೇಕು ಎಂಬ ಅದೇ ಮಾತು ಹೇಳಿ ಚಿಗುರು ಕೊಟ್ಟಳು. ಮೂರು ವರ್ಷವೂ ಪರಪ್ಪ, ಧಣಿಗೆ ಮುಟ್ಟಿಸುತ್ತೇನೆ ಎಂದು ತಲೆಯಾಡಿಸಿದ. ನಡುವೆ ಹೋಗಿ ವಿಚಾರಿಸಿದರೆ ಅಪ್ಪಣೆ ಬರಲಿ ಎನ್ನುತ್ತಿದ್ದ. ಅಪ್ಪಣೆ ಎಲ್ಲಿಂದ ಬರುತ್ತದೆ? ಅವಳ ಮಾತು ಅವನ ಹೊಟ್ಟೆಯಲ್ಲಿತ್ತು.

ಮೂರನೆಯ ಮಳೆಗಾಲದಲ್ಲಿ ಒಂದು ಮಟಮಟ ಮಧ್ಯಾಹ್ನ ಆಕಾಶ ಕಪ್ಪಾಯಿತು. ಮಳೆ ಕೊಡದಲ್ಲಿ ಎತ್ತಿ ಸುರಿದ ಹಾಗೆ ಸುರಿಯಿತು. ಸಿದ್ದವ್ವ ಓಡಿ ಬರುವಷ್ಟರಲ್ಲಿ ಮರಿಮನೆಯಲ್ಲಿ ನೀರು ಮರಿಗಳ ಕತ್ತಿನವರೆಗೆ ಏರಿತ್ತು. ಅಳಿಲು, ಮೊಲಗಳು ಕೈಗೆ ಸಿಕ್ಕ ಮರಿಯನ್ನು, ಅದು ಯಾರದೆಂದೂ ನೋಡದೆ, ಬೆನ್ನಿಗೇರಿಸಿಕೊಂಡು ನಿಂತಿದ್ದವು. ಮೇಲಕ್ಕೆ ಹೋಗುವ ದಾರಿಯಲ್ಲೂ ನೀರು ನುಗ್ಗಿ ಬರುತ್ತಿತ್ತು. ಪರಪ್ಪ ಎತ್ತರದ ಕಲ್ಲಿನ ಮೇಲೆ ಬಾಲ ಸುತ್ತಿಕೊಂಡು ಕೂತಿದ್ದ.

ಸಿದ್ದವ್ವ ಕಂಡಿಯ ಮಣ್ಣಿಗೆ ಉಗುರು ಹಾಕಿದಳು.

"ಅಪ್ಪಣೆ ಇದೆಯೇನು?" ಎಂದ ಪರಪ್ಪ. "ಇಲ್ಲದೆ ಅಗೆದರೆ ಕೆಲಸ ಹೋಗುತ್ತದೆ, ನೋಡು."

"ಹೋಗಲಿ," ಎಂದಳು ಸಿದ್ದವ್ವ.

ಅರ್ಧ ದಿನದ ಕೆಲಸವನ್ನು ಆ ತಾಯಿ ಅರ್ಧ ಗಳಿಗೆಯಲ್ಲಿ ಮಾಡಿದಳು. ಎರಡು ಉಗುರು ಮುರಿದವು. ಕೊನೆಯ ಕಲ್ಲು ಕದಲಿದ್ದೇ ತಡ, ನೀರು ಕಂಡಿ ಒಡೆದುಕೊಂಡು ಗವಿಗೆ ನುಗ್ಗಿ, ಮಲಗಿದ್ದ ಜಂಬಣ್ಣನನ್ನು ಎತ್ತಿ ಬಾಗಿಲಿಗೆ ಬಿಸಾಡಿತು. ಮರಿಗಳೆಲ್ಲ ಉಳಿದವು. ಅವನ್ನು ಹೊತ್ತುಕೊಂಡು ಎಲ್ಲರೂ ಆ ಕಂಡಿಯಿಂದಲೇ ಗವಿಗೆ ಇಳಿದರು.

ಜಂಬಣ್ಣ ಕೆಂಡವಾಗಿ ಎದ್ದ. ಅಪ್ಪಣೆಯಿಲ್ಲದೆ ಅಗೆದವರು ಯಾರು ಎಂದು ಗುಡ್ಡ ನಡುಗುವಂತೆ ಕೇಳಿದ. ನೀರು ಏರುವುದು ಗೊತ್ತಿದ್ದರೆ ಮೊದಲೇ ಯಾಕೆ ಹೇಳಲಿಲ್ಲ ಎಂದೂ ಕೇಳಿದ. ಅಷ್ಟರಲ್ಲಿ ಅವನ ಕಾಲಿಗೆ ಏನೋ ಚುಚ್ಚಿತು. ಬಗ್ಗಿ ನೋಡಿದರೆ ಹುಣಸೆ ಕಡ್ಡಿ. ಒಂದಲ್ಲ, ನೂರಾರು. ಕಂಡಿಯಿಂದ ಇನ್ನೂ ತೇಲಿ ಬರುತ್ತಲೇ ಇದ್ದವು. ಒಂದರಲ್ಲೂ ಎಲೆಯಿರಲಿಲ್ಲ.

ಎಲ್ಲರೂ ಪರಪ್ಪನ ಕಡೆ ತಿರುಗಿದರು. ಅವನು ಆಗಲೇ ಹೊರಗಿನ ಆಲದ ಮರದ ತುದಿಯಲ್ಲಿದ್ದ. ಅವನನ್ನು ಸೀಳಿಬಿಡುತ್ತೇನೆ ಎಂದು ಜಂಬಣ್ಣ ಮರದ ಕಡೆ ಹೆಜ್ಜೆ ಹಾಕಿದ. ಸಿದ್ದವ್ವ ಅಡ್ಡ ನಿಂತಳು. ಅವಳ ನಾಲ್ಕೂ ಮರಿಗಳು ಅವಳ ಬೆನ್ನ ಮೇಲಿದ್ದವು.

"ಧಣಿ, ಅವನು ಎಲೆ ತಿನ್ನುವ ಪ್ರಾಣಿ. ಎಲೆ ತಿಂದ. ಅವನ ಕೈಗೆ ಬುಟ್ಟಿ ಕೊಟ್ಟವರು ನೀವು. ಮುನ್ನೂರು ಜನ ದುಡಿಯುವ ಕಡೆ ಮೂರು ವರ್ಷ ಒಂದೂ ಹುಳಿ ಎಲೆ ಬರಲಿಲ್ಲ. ಒಂದು ದಿನವಾದರೂ ನಿಮಗೆ ಅನುಮಾನ ಬಂತೇ? ಬರಲಿಲ್ಲ. ಬಾರದಿದ್ದದ್ದೇ ನಿಮಗೆ ಚೆನ್ನಾಗಿತ್ತು. ನಾನು ಕಟ್ಟಳೆ ಮುರಿದಿದ್ದೇನೆ. ಹೊರಡುತ್ತೇನೆ."

ಅವಳು ಬಾಗಿಲ ಕಡೆ ನಡೆದಳು. ಅವಳ ಹಿಂದೆ ಅಳಿಲುಗಳು ಹೊರಟವು. ಆಮೇಲೆ ಮೊಲಗಳು, ಆಮೇಲೆ ಮುಳ್ಳುಹಂದಿಗಳು. ಒದ್ದೆ ಗವಿಯಲ್ಲಿ ಹೊಂಗೆ ಎಲೆಗಳ ನಡುವೆ ಜಂಬಣ್ಣ ಒಬ್ಬನೇ ಉಳಿಯುವ ಹಾಗಾಯಿತು. ಆಗ ಅವನಿಗೆ ಜ್ಞಾನೋದಯವಾಯಿತು. ಓಡಿಬಂದು ದಾರಿಗೆ ಅಡ್ಡ ಕೂತು, ಹೋಗಬೇಡಿ ಎಂದು ಅಂಗಲಾಚಿದ. ನೀರು ಕಂಡವರು ಮೊದಲು ಅಗೆಯಲಿ, ಅಪ್ಪಣೆ ಆಮೇಲೆ ನೋಡೋಣ ಎಂದು ಅಲ್ಲೇ ಕಟ್ಟಳೆ ಬದಲಿಸಿದ.

ಸಿದ್ದವ್ವ ಇನ್ನೊಂದು ಷರತ್ತು ಹಾಕಿದಳು. ಮೂರು ವರ್ಷದ ಚಿಗುರನ್ನೆಲ್ಲ ಹೊಸದಾಗಿ ಕಿತ್ತು ತರುತ್ತೇವೆ. ಒಬ್ಬೊಬ್ಬರ ಮಾತನ್ನೂ ಧಣಿಯೇ ಎದುರಿಗೆ ಕೂತು ಕೇಳಬೇಕು. ಕೇಳಿದ ಮೇಲೆ ಆ ಚಿಗುರನ್ನು ಧಣಿಯೇ ಅಗಿದು ನುಂಗಬೇಕು.

ಮೂರು ದಿನ ಆ ಸಾಲು ಮುಗಿಯಲಿಲ್ಲ. ನಾಲ್ಕನೆಯ ದಿನ ಜಂಬಣ್ಣನ ಹಲ್ಲು ಚಳಿತು ಹೋಗಿ, ಇಪ್ಪೆ ಹೂವನ್ನು ಅಗಿಯಲೂ ಆಗಲಿಲ್ಲ. ಸಿದ್ದವ್ವನ ಸಿಟ್ಟು ಮಾತ್ರ ಇನ್ನೂ ಇಳಿದಿರಲಿಲ್ಲ. ನನ್ನದೂ ಇಳಿದಿಲ್ಲ.

ನೀತಿ: ಹುಳಿ ಮಾತು ತನ್ನವರೆಗೆ ಬರಲಿಲ್ಲವೆಂದು ಹಿಗ್ಗುವ ಒಡೆಯ, ಅದನ್ನು ದಾರಿಯಲ್ಲಿ ನುಂಗಿದವನಷ್ಟೇ ತಪ್ಪಿತಸ್ಥ.