ನೆನೆಯೋದನ್ನ ಕುಟ್ಟಿದ ಮಂತ್ರಿ

ನನ್ನ ಹೆಂಡತಿ ಕಣ್ಣು ಮುಚ್ಚೋ ಮುಂಚೆ ಒಂದೇ ಮಾತು ಹೇಳಿದಳು. "ನೆನೆಯೋದನ್ನ ಕುಟ್ಟಬೇಡಿ." ಅವಳೇ ಹೇಳ್ತಿದ್ದ ಕಥೆಯ ಮಾತು ಅದು. ಮೊದಲಿಂದ ಹೇಳ್ತೀನಿ, ಕೂತ್ಕೊಳ್ಳಿ ಮಕ್ಕಳೇ.

ಬೆಟ್ಟದಾಚೆ ಒಂದು ರಾಜ್ಯ. ಅಲ್ಲೊಬ್ಬ ಮಂತ್ರಿ, ಹೆಸರು ದಂಡಪ್ಪ. ಅವನ ತಲೇಲಿ ಇದ್ದದ್ದು ಒಂದೇ ಉಪಾಯ. ಕುಟ್ಟೋದು.

ಒಂದು ಸಲ ಕೋಟೆ ಬಾಗಿಲಿಗೆ ಕಳ್ಳರು ಬಂದರು. ದಂಡಪ್ಪ ಕುಟ್ಟಿದ. ಓಡಿಹೋದರು. ರಾಜ ಬೆಳ್ಳಿ ಒನಕೆ ಕೊಟ್ಟ. ಅವತ್ತಿಂದ ಒನಕೆ ಹೆಗಲಿಂದ ಇಳೀಲಿಲ್ಲ.

ಇನ್ನೊಂದು ಸಲ ಆಸ್ಥಾನದಲ್ಲಿ ಸುಳ್ಳುಬುರುಕರು ಸೇರ್ಕೊಂಡರು. ಅದು ಮೊರದ ಕೆಲಸ. ಮೆಲ್ಲಗೆ ಕೇರಿದ್ರೆ ಹೊಟ್ಟು ತಾನೇ ಹಾರ್ತಿತ್ತು. ದಂಡಪ್ಪ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕುಟ್ಟಿದ. ಒಳ್ಳೆಯವರು ಊರು ಬಿಟ್ಟರು. ಸುಳ್ಳುಬುರುಕರು ಪೆಟ್ಟು ತಿಂದು ಅವನನ್ನೇ ಹೊಗಳಿದರು. ದಂಡಪ್ಪ ಮೀಸೆ ತಿರುವಿದ.

ಮೂರನೇ ಸಲ ರಾಣಿ ತೀರಿಕೊಂಡಳು. ಪುಟ್ಟ ರಾಜಕುಮಾರಿ ಮಾತು ಬಿಟ್ಟಳು. ದಂಡಪ್ಪ ಅವಳ ಕಿವಿ ಹತ್ರ ನಗಾರಿ ಬಾರಿಸಿದ. ಗದರಿದ. ಕೊನೆಗೆ, ಹುಣ್ಣಿಮೆಯೊಳಗೆ ಮಾತಾಡದಿದ್ದರೆ ಕಾಡಿನ ಕೋಟೇಲಿ ಕೂಡಿಹಾಕೋಣ, ಹೆದರಿ ಬಾಯಿ ಬಿಡ್ತಾಳೆ ಅಂದ. ದುಃಖದಲ್ಲಿದ್ದ ರಾಜ ಹೂಂ ಅಂದುಬಿಟ್ಟ.

ದಂಡಪ್ಪನ ಹೆಂಡತಿ ಸಣ್ಣತಾಯಿಗೆ ಇದು ತಿಳೀತು. ಅವಳು ಜಗಳ ಆಡಲಿಲ್ಲ. ರಾಜನನ್ನೂ ಮಗುವನ್ನೂ ಮೊಳಕೆ ಹುರುಳಿ ಸಾರಿನ ಊಟಕ್ಕೆ ಕರೆದಳು. ಊಟದ ದಿನ ಬೆಳಿಗ್ಗೆ ಗಂಡನ ಮುಂದೆ ಒಣ ಹುರುಳಿ ಸುರಿದು, ಮಧ್ಯಾಹ್ನದೊಳಗೆ ಮೊಳಕೆ ಬರಿಸಿಕೊಡಿ, ನಿಮ್ಮ ಕೈಲಿ ಆಗದ್ದು ಏನಿದೆ ಅಂದಳು.

ದಂಡಪ್ಪ ಉಬ್ಬಿದ. ಕುಟ್ಟಿದ. ಮೊಳಕೆ ಕಾಣಲಿಲ್ಲ. ಇನ್ನೂ ಕುಟ್ಟಿದ. ರಾಜ ಬಂದಾಗ ಮೀಸೆ ತುಂಬ ಹಿಟ್ಟು.

"ಮೊಳಕೆ ಎಲ್ಲಯ್ಯಾ?" ಅಂದ ರಾಜ.

"ಬರ್ತದೆ ಬುದ್ಧಿ, ಇನ್ನೆರಡು ಪೆಟ್ಟು ಸಾಕು" ಅಂದ ದಂಡಪ್ಪ.

ಸಣ್ಣತಾಯಿ ಅಂದಳು: "ಮಗೂಗೂ ಇವರದ್ದು ಇದೇ ಮದ್ದು ಬುದ್ಧಿ. ನೆನೆಯೋದನ್ನ ಕುಟ್ಟಿದರೆ ಹಿಟ್ಟಾಗ್ತದೆ, ಮೊಳಕೆ ಬರಲ್ಲ. ಅವ್ವನ್ನ ನೆನೀತಾವಳೆ. ನೆನೀಲಿ ಬಿಡಿ."

ಆಮೇಲೆ, ತಾನು ಮೊದಲೇ ಒದ್ದೆ ಬಟ್ಟೇಲಿ ಕಟ್ಟಿಟ್ಟಿದ್ದ ಮೊಳಕೆಯ ಸಾರು ಬಡಿಸಿದಳು. ಮಗು ಸುಮ್ಮನೆ ಉಂಡಿತು. ಯಾರೂ ಮಾತಾಡಿಸಲಿಲ್ಲ.

ಹುಣ್ಣಿಮೆ ಬಂತು, ಹೋಯ್ತು. ಕಾಡಿನ ಕೋಟೆ ಸುದ್ದಿ ಯಾರೂ ಎತ್ತಲಿಲ್ಲ. ಒಂದು ದಿನ ಅದೇ ಹುರುಳಿ ಸಾರಿನ ಊಟಕ್ಕೆ ಕೂತಾಗ ರಾಜಕುಮಾರಿ ತಾನೇ ಅಂದಳು: "ಅವ್ವ ಇದಕ್ಕೆ ಬೆಳ್ಳುಳ್ಳಿ ಜಾಸ್ತಿ ಹಾಕ್ತಿದ್ದಳು."

ದಂಡಪ್ಪನ್ನ ರಾಜ ಅವಲಕ್ಕಿ ಕುಟ್ಟೋಕೆ ಹಾಕಿದ. ಆ ಕೆಲಸಕ್ಕೆ ಅವನಷ್ಟು ಜಾಣ ಇನ್ನೊಬ್ಬನಿಲ್ಲ ಅಂತ ಊರೇ ಹೊಗಳಿತು.

ನೀತಿ ಇಷ್ಟೇ. ಕುಟ್ಟೋದನ್ನ ಕುಟ್ಟು. ಕೇರೋದನ್ನ ಕೇರು. ನೆನೆಯೋದನ್ನ ನೆನೆಯೋಕೆ ಬಿಡು. ಒಂದೇ ಬುದ್ಧಿ ಎಲ್ಲಕ್ಕೂ ಒಗ್ಗಲ್ಲ.

ನನ್ನ ಹೆಂಡತಿ ಹೋದ ಮಾರನೇ ಬೆಳಿಗ್ಗೆ ಬಂದವರೆಲ್ಲ, ಮನಸ್ಸು ಗಟ್ಟಿ ಮಾಡ್ಕೋ ಅಂದರು. ನಾನು ಒಂದು ಪಾವು ಹುರುಳಿ ನೀರಿಗೆ ಹಾಕಿ, ಪಕ್ಕದಲ್ಲೇ ಕೂತೆ.