ಮಾಲೀಕರ ಹಾಜರಿ

ಹುಣಸೀಹಟ್ಟಿಯ ಗ್ರಂಥಾಲಯದಲ್ಲಿ ನೀಲವ್ವ ಬಡಿಗೇರ ಗುಮಾಸ್ತೆ. ಅಲ್ಲಿನ ಆರು ಕಂಪ್ಯೂಟರುಗಳಿಗೂ ಪುಕ್ಕಟೆ ಸಿಗುವ ಮುಕ್ತ ತಂತ್ರಾಂಶ ಹಾಕಿದವಳು ಅವಳೇ. ಪರೀಕ್ಷೆಗೆ ಓದುವ ಊರಿನ ಹೆಣ್ಣುಮಕ್ಕಳೆಲ್ಲ ಅದನ್ನೇ ನಂಬಿದ್ದರು.

ತಪಾಸಣೆಗೆ ಬಂದ ಅಧಿಕಾರಿ ಶ್ರೀಕಂಠಯ್ಯ ಹುಬ್ಬು ಗಂಟಿಕ್ಕಿದರು.

"ಪುಕ್ಕಟೆ ಸಿಕ್ಕಿದೆ ಅಂದರೆ ಕದ್ದ ಮಾಲೇ. ಇದರ ಮಾಲೀಕ ಯಾರು? ಮಧ್ಯಾಹ್ನದೊಳಗೆ ಹಾಜರುಪಡಿಸಿ. ಇಲ್ಲದಿದ್ದರೆ ಎಲ್ಲ ಕಂಪ್ಯೂಟರಿಗೂ ಬೀಗಮುದ್ರೆ."

"ಆತ್ರಿ ಸಾಹೇಬ್ರ, ಎಲ್ಲಾರನ್ನೂ ಹಾಜರ ಮಾಡ್ತೀನಿ," ಎಂದಳು ನೀಲವ್ವ.

ಹಳೆಯ ಪ್ರಿಂಟರಿಗೆ ಉದ್ದನೆಯ ಮಡಿಕೆ ಕಾಗದ ಹಾಕಿ, ಆ ತಂತ್ರಾಂಶ ಬರೆದವರ ಪಟ್ಟಿಯನ್ನು ಮುದ್ರಿಸಲು ಬಿಟ್ಟಳು. ಊಟದ ಹೊತ್ತಿಗೆ ಕಾಗದ ಓದುವ ಕೋಣೆ ದಾಟಿ, ಪಡಸಾಲೆ ದಾಟಿ, ಗೇಟಿನವರೆಗೆ ಹಾಸಿಕೊಂಡಿತ್ತು. ಒಂದೊಂದು ಹೆಸರಿನ ಪಕ್ಕದಲ್ಲೂ ಊರು: ಟೆಹರಾನ್, ಲಿಮಾ, ನೈರೋಬಿ, ಒಸಾಕಾ.

"ಇಷ್ಟು ಜನಕ್ಕೆ ಸಂಬಳ ಕೊಟ್ಟವರು ಯಾರು?"

"ಭಾಳ ಮಂದಿ ಸಂಬಳಾ ಇಲ್ದ ಬರದಾರ್ರಿ. ಯಾರು ಬೇಕಾದ್ರೂ ಬಳಸ್ರಿ, ತಿದ್ರಿ ಅಂತ ಬಿಟ್ಟುಕೊಟ್ಟಾರ."

ಸಾಹೇಬರು ಬೂಟು ಕಳಚಿದರು. ಕಾಗದ ತುಳಿಯದಂತೆ ಅದರ ಪಕ್ಕದಲ್ಲೇ ಓದುತ್ತ ನಡೆದರು. ಗೇಟಿನ ಹತ್ತಿರ ನಿಂತುಬಿಟ್ಟರು.

"ನೀಲವ್ವ ಬಡಿಗೇರ, ಹುಣಸೀಹಟ್ಟಿ! ನೀವೂ ಇದ್ದೀರಾ?"

"ಕನ್ನಡದಾಗ ಒಂದು ಒತ್ತಕ್ಷರ ತಪ್ಪಿತ್ತರಿ. ತಿದ್ದಿ ಕಳಿಸಿದೆ. ತಗೊಂಡು ನನ್ನ ಹೆಸರೂ ಸೇರಿಸಿದ್ರು."

ಸಾಹೇಬರು ತಪಾಸಣಾ ಪುಸ್ತಕದಲ್ಲಿ 'ಮಾಲೀಕರು ಹಾಜರಿದ್ದಾರೆ' ಎಂದು ಬರೆದು ಸಹಿ ಹಾಕಿದರು. ಆಮೇಲೆ ಮೆಲ್ಲಗೆ ಕೇಳಿದರು, "ಈ ಪಟ್ಟಿಯಲ್ಲಿ ನನ್ನ ಹೆಸರೂ ಬರಬಹುದೇ?"

"ಯಾಕ ಬರಂಗಿಲ್ರಿ? ಒಂದು ತಪ್ಪು ಹುಡುಕಿ ಹೇಳಿದ್ರ ಸಾಕು. ಆ ಕೆಲಸದಾಗ ನಿಮ್ಮನ್ನ ಮೀರ್ಸಾವ್ರು ಯಾರ್ ಅದಾರ್ರಿ?"