ಸಾಲಬಂಡಿಯ ಊರಬಾನಿ

ಸಾಲಬಂಡಿ ಊರಿನ ಪಡುವಣಕ್ಕೆ, ನೇಕಾರರ ಓಣಿ ಮುಗಿದಲ್ಲಿ, ಅಗಲವಾದ ಹಾಸುಬಂಡೆಯೊಂದಿದೆ. ಅದರ ತಗ್ಗಿನಲ್ಲಿ ಒಂದು ಹೊಂಡ. ಮಳೆಗಾಲದಲ್ಲಿ ಸೊಂಟದಾಳ, ಬೇಸಿಗೆಯಲ್ಲಿ ಮೊಣಕಾಲುದ್ದ ನೀರು. ಅಂಚಿನ ಕಲ್ಲು ಸುತ್ತಲೂ ಕೆಂಪಗಿದೆ. ಕಲ್ಲಿನ ಗುಣವೇ ಹಾಗೆ ಎಂದು ಓದಿದವರು ಹೇಳಿಹೋಗಿದ್ದಾರೆ, ಹೇಳಲಿ. ಊರವರು ಇದನ್ನು ಊರಬಾನಿ ಎಂದು ಕರೆಯುತ್ತಾರೆ. ಬಾನಿ ಎಂದರೆ ಬಣ್ಣ ಹಾಕುವ ದೊಡ್ಡ ಮಣ್ಣಿನ ಪಾತ್ರೆ. ಅದು ಮನೆಗೊಂದು ಇರುವಂಥದ್ದು. ಒಬ್ಬರ ಬಾನಿಯನ್ನು ಇನ್ನೊಬ್ಬರು ಮುಟ್ಟುವ ವಾಡಿಕೆ ಇಲ್ಲ. ಹಾಗಿದ್ದ ಮೇಲೆ ಇಡೀ ಊರಿಗೆ ಒಂದೇ ಬಾನಿ ಹೇಗೆ ಬಂತೆಂದು ತಿಳಿಯಲು ಸಂಕವ್ವನ ಕತೆ ಕೇಳಬೇಕು.

ಹಿಂದೆ ಒಮ್ಮೆ, ಈ ಸೀಮೆ ದೇಸಾಯರ ಕೈಯಲ್ಲಿದ್ದಾಗ, ಸಂಕವ್ವ ಎಂಬ ವಿಧವೆ ಆ ಓಣಿಯಲ್ಲಿ ಬಣ್ಣ ಹಾಕಿಕೊಂಡು ಮಗಳು ಬಾಳವ್ವನನ್ನು ಸಾಕಿದ್ದಳು. ಮದುವೆಯ ದಿನ ಮಗಳು ಉಡುವ ಸೀರೆಗೆ ತಾಯಿಯೇ ತನ್ನ ಬಾನಿಯಲ್ಲಿ ಕೆಂಪು ಹಾಕಬೇಕೆಂಬುದು ಆ ಓಣಿಯ ಪದ್ಧತಿ. ತವರಿನ ಕೆಂಪು ಉಡದೆ ಹೋದವಳನ್ನು ಅತ್ತೆಮನೆಯವರು ದಿಕ್ಕಿಲ್ಲದವಳೆಂದು ಆಡಿಕೊಳ್ಳುತ್ತಿದ್ದರು. ಹೀಗಿರಲು ದೇಸಾಯರ ಹೆಂಡತಿ ಒಂದು ಮದುವೆಯಲ್ಲಿ ನೇಕಾರರ ಹುಡುಗಿಯ ಸೀರೆ ನೋಡಿದಳು. ಅದರ ಮುಂದೆ ತನ್ನ ಸೊಸೆಗೆ ದೂರದಿಂದ ತರಿಸಿದ ರೇಷ್ಮೆ ಸಪ್ಪಗೆ ಕಂಡಿತು. ದೊಡ್ಡವರ ಹೊಟ್ಟೆಯುರಿಗೆ ಮದ್ದುಂಟೇ? ಮರುದಿನವೇ ಡಂಗುರ ಸಾರಿದರು: ಇನ್ನು ಮೇಲೆ ಕೆಂಪು ಬಣ್ಣ ವಾಡೆಯವರಿಗೆ, ಎಂದರೆ ದೇಸಾಯರ ಮನೆಯವರಿಗೆ, ಮಾತ್ರ; ಬೇರೆ ಯಾರಾದರೂ ಮಡ್ಡಿ ಮರದ ಬೇರು ಕುದಿಸಿ ಕೆಂಪು ತೆಗೆದರೆ ಊರು ಬಿಡಬೇಕು. ಬಾಳವ್ವನ ಮದುವೆ ಆಗಲೇ ಗೊತ್ತಾಗಿತ್ತು.

ವಾಡೆಯ ಆಳುಗಳು ಮನೆಮನೆ ಹೊಕ್ಕು ಬೇರಿನ ಕಟ್ಟುಗಳನ್ನೆಲ್ಲ ಹೊತ್ತೊಯ್ದರು. ಹಗ್ಗದ ಮೇಲೆ ತೂಗುಹಾಕಿದ್ದ ಸೀರೆಗಳನ್ನು ಮುಟ್ಟಲಿಲ್ಲ. ಅವು ಮಾಸಲು ಹಳದಿ ಬಣ್ಣದ, ಹಳೇ ಅರಿವೆಯಂತೆ ಕಾಣುವ ಸೀರೆಗಳು. ಅಳಲೆಕಾಯಿ ರಸ ಕುಡಿಸಿ, ಪಟಿಕದ ನೀರಿನಲ್ಲಿ ಅದ್ದಿ ಒಣಗಿಸಿದ ಬಟ್ಟೆಗೆ ಮಾತ್ರ ಆ ಬೇರಿನ ಕೆಂಪು ಹತ್ತುತ್ತದೆ, ಹತ್ತಿದ ಮೇಲೆ ಜನ್ಮಕ್ಕೂ ಬಿಡುವುದಿಲ್ಲ ಎಂಬುದು ಆಳುಗಳಿಗೇನು ಗೊತ್ತು? ಬಣ್ಣವೆಲ್ಲ ಪಾತ್ರೆಯಲ್ಲೇ ಇರುತ್ತದೆಂದು ತಿಳಿದವರು ಅವರು. ಮದುವೆಯ ಕಾಲವಾದ್ದರಿಂದ ಅಂಥ ಸೀರೆ ಪ್ರತಿ ಮನೆಯಲ್ಲೂ ಇತ್ತು. ಓಣಿಯ ಹಿರಿಯರು ಸಂಕವ್ವನಿಗೆ ಬುದ್ಧಿ ಹೇಳಿದರು. ಬಣ್ಣವಿಲ್ಲದ ಸೀರೆಯಲ್ಲೇ ಧಾರೆ ಎರೆದುಬಿಡು, ಬೆಕ್ಕಿಗೆ ಗಂಟೆ ಕಟ್ಟುವ ಕೆಲಸ ನಿನಗೇಕೆ ಎಂದರು. ಸಂಕವ್ವನಿಗೆ ಮೈಯೆಲ್ಲ ಉರಿಯಿತು.

“ನನ್ನ ಮಗಳು ಏನ ಕದ್ದಾಳಂತ ತಲಿ ಬಗ್ಗಿಸಿಕೊಂಡು ಹೋಗಬೇಕು?” ಎಂದು ಕೇಳಿದಳು.

ಅವಳು ತನ್ನ ಹೊಲದ ಬದುವಿನ ಮಡ್ಡಿ ಮರದ ಬುಡ ಅಗೆದು ಬೇರು ತಂದಳು. ಹಿತ್ತಲಲ್ಲಿ ಗುಟ್ಟಾಗಿ ಕುದಿಸಬಹುದಿತ್ತು. ಕದ್ದು ಹಾಕಿದ ಬಣ್ಣ ಉಟ್ಟು ಮಗಳು ಹಸೆಗೇರುವುದು ಬೇಡವೆಂದು, ಅತ್ತೆಯ ಕಾಲದ ಬಾನಿಯನ್ನು ಹೊತ್ತು ತಂದು ಹಾಸುಬಂಡೆಯ ಮೇಲೆ, ವಾಡೆಗೆ ಹೊಗೆ ಕಾಣುವಂತೆ, ನಡುಹಗಲಲ್ಲೇ ಒಲೆ ಹೂಡಿದಳು. ಬೇರು ಕುದಿದು ಬಣ್ಣ ಬಿಡುವ ಹೊತ್ತಿಗೆ ಆಳುಗಳು ಬಂದರು. ಇಳಿಸು ಎಂದರು, ಅವಳು ಒಲೆಗೆ ಇನ್ನೊಂದು ಕಟ್ಟಿಗೆ ಒಟ್ಟಿದಳು. ರಟ್ಟೆ ಹಿಡಿದು ಅವಳನ್ನು ಅತ್ತ ದೂಡಿ, ದೊಣ್ಣೆಯಿಂದ ಬಾನಿ ಒಡೆದರು. ಕುದಿಯುವ ಬಣ್ಣ ಬಂಡೆಯ ಮೇಲೆ ಹರಿದು ಹೊಂಡಕ್ಕೆ ಇಳಿಯಿತು. ಕೆಲಸವಾಯಿತೆಂದು ನಗುತ್ತ ಹೊರಟುಹೋದರು.

ಚೂರುಗಳ ನಡುವೆ ಕೂತು ಸಂಕವ್ವ ಅತ್ತಳು. ಆಮೇಲೆ ಹೊಂಡ ನೋಡಿದಳು. ವೈಶಾಖದ ಬಿಸಿಲು, ಬಂಡೆ ಕಾದ ಹಂಚಿನಂತಿತ್ತು, ಮೊಣಕಾಲುದ್ದದ ನೀರು ಬೆಚ್ಚಗಿತ್ತು, ಕೆಂಪಗಿತ್ತು. ಕಣ್ಣೊರೆಸಿಕೊಂಡು, ಪಟಿಕ ಉಂಡ ಸೀರೆಯನ್ನು ಹಿಡಿದು ಹೊಂಡಕ್ಕಿಳಿದಳು. ಕಾಲಿನಿಂದ ತುಳಿಯತೊಡಗಿದಳು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ನೆರೆಮನೆಯ ಮುದುಕಿ ಒಳಗೆ ಹೋಗಿ ತನ್ನ ಮೊಮ್ಮಗಳ ಸೀರೆ ತಂದಳು. ಅವಳ ಹಿಂದೆ ಮತ್ತೊಬ್ಬಳು. ಒಬ್ಬರ ಬಾನಿ ಇನ್ನೊಬ್ಬರು ಮುಟ್ಟದ ಓಣಿ, ಅಂದು ಹೊತ್ತು ಮುಳುಗುವವರೆಗೆ ಒಂದೇ ನೀರಿನಲ್ಲಿ ನಿಂತು ತುಳಿಯಿತು ಎನ್ನುತ್ತಾರೆ.

ಬಾಳವ್ವನ ಮದುವೆಯ ದಿಬ್ಬಣ ಸುತ್ತುದಾರಿ ಹಿಡಿಯದೆ ನೇರ ವಾಡೆಯ ಮುಂದೆಯೇ ಹೋಯಿತು. ಮದುಮಗಳು ಕೆಂಪು, ಅವಳ ಹಿಂದಿನ ಹೆಣ್ಣುಮಕ್ಕಳೆಲ್ಲ ಕೆಂಪು. ದೇಸಾಯರು ದಿಬ್ಬಣ ತಡೆದು, ಈ ಬಣ್ಣ ಹಾಕಿದವರು ಯಾರೆಂದು ಕೇಳಿದರು.

“ನಿಮ್ಮ ಮಂದೀನ ಹಾಕ್ಯಾರ್ರಿ ಧಣಿ,” ಎಂದಳು ಸಂಕವ್ವ. “ನನ್ನ ಬಾನಿ ಒಡದು ಹೊಂಡಕ್ಕ ಸುರುವಿದ್ರು. ನಾವು ಸೀರಿ ತುಳದ್ವಿ, ಅಷ್ಟ. ಊರು ಬಿಡಸೂದಾದ್ರ ಎಲ್ಲಾರ್ನೂ ಬಿಡಸ್ರಿ. ಆಮ್ಯಾಲ ವಾಡೇದಾಗಿನವರಿಗೆ ಯಾರು ನೇಯ್ದು ಕೊಡ್ತಾರೋ ನೋಡ್ಕೋರಿ.”

ದೇಸಾಯರು ದಾರಿ ಬಿಟ್ಟರು.

ಎಷ್ಟೋ ಕಾಲದ ಮೇಲೆ ಆ ಮನೆತನದವರೊಬ್ಬರು ಊರಬಾನಿಗೆ ದೇಸಾಯರ ಹೊಂಡವೆಂದು ಹೆಸರಿಟ್ಟು, ಹಾಗೆಂದು ಕೆತ್ತಿಸಿದ ಕಲ್ಲನ್ನು ದಂಡೆಯಲ್ಲಿ ನಿಲ್ಲಿಸಿದರು. ನೋಡಲು ಬಂದವರು ಆ ಕಲ್ಲು ಎಲ್ಲಿ ಎಂದು ಕೇಳುವುದುಂಟು. ಕಲ್ಲು ಅಲ್ಲೇ ಇದೆ, ಮಲಗಿಸಿದ್ದಾರೆ. ಓಣಿಯ ಹೆಂಗಸರು ದಿನವೂ ಅದರ ಮೇಲೆ ಬಟ್ಟೆ ಒಗೆಯುತ್ತಾರೆ. ಅಕ್ಷರಗಳು ಮುಕ್ಕಾಲು ಸವೆದಿವೆ.